ಎಐ ಆ್ಯಪ್‌ಗೆ ಮೊದಲು ನಿಮ್ಮ ಒಂದು ಪುಟ ಕೊಟ್ಟು ನೋಡಿ

ಪ್ರಶ್ನೆ: ನನಗೆ 61 ವರ್ಷ. ಬ್ಯಾಂಕ್ ಕೆಲಸದಿಂದ ನಿವೃತ್ತಳಾಗಿ ಡೊಂಬಿವಲಿಯಲ್ಲಿದ್ದೇನೆ. ಬೆಳೆದದ್ದು ಮುಂಬೈನ ಪರೇಲಿನ ಚಾಳಿನಲ್ಲಿ, ಅಂದರೆ ಒಂದೊಂದು ಕೋಣೆಯ ಸಾಲುಮನೆಗಳಲ್ಲಿ. ಅಪ್ಪ ಬಟ್ಟೆ ಗಿರಣಿಯ ಕ್ಯಾಂಟೀನಿನಲ್ಲಿದ್ದರು. ಆ ದಿನಗಳ ಬಗ್ಗೆ ಕನ್ನಡದಲ್ಲಿ 120 ಪುಟ ಬರೆದಿದ್ದೇನೆ. "ಎಐ ಆ್ಯಪ್ ತಗೋಮ್ಮ, ಬೇಗ ಮುಗಿಯುತ್ತೆ" ಅಂತಾನೆ ಮಗ. ಆಮೇಲೆ ಬರಹ ನನ್ನದಾಗಿ ಉಳಿಯುತ್ತಾ ಅಂತ ಭಯ. ಯಾವ ಆ್ಯಪ್ ತಗೊಳ್ಳಲಿ?

ಉತ್ತರ: ನಿಮ್ಮ ಭಯ ಸರಿಯಾಗಿಯೇ ಇದೆ. ಅದನ್ನೇ ಹಿಡಿದು ಆ್ಯಪ್ ಆರಿಸೋಣ.

ನಾನೂ ಚಾಳಿನಲ್ಲೇ ಬೆಳೆದವನು. ಹೋದ ವರ್ಷ ಒಂದು ಆ್ಯಪ್‌ಗೆ ನನ್ನ ಹಳೇ ಲೇಖನದ ಪುಟ ಕೊಟ್ಟು "ಇದನ್ನು ಚೆಂದ ಮಾಡು" ಅಂದೆ. ನನ್ನ ವಾಕ್ಯ ಹೀಗಿತ್ತು: "ನಸುಕಿನಲ್ಲೇ ಅವ್ವ ನಲ್ಲಿ ಮುಂದೆ ಕೊಡ ಇಟ್ಟು ಪಾಳಿ ಹಿಡಿಯುತ್ತಿದ್ದಳು." ವಾಪಸ್ ಬಂದದ್ದು: "ಮುಂಜಾನೆ ತಾಯಿಯವರು ನೀರಿಗಾಗಿ ಸರದಿಯಲ್ಲಿ ಕಾಯುತ್ತಿದ್ದರು." ವ್ಯಾಕರಣ ತಪ್ಪಿಲ್ಲ. ಆದರೆ ಅವ್ವ ಹೋದಳು, ಕೊಡ ಹೋಯಿತು, ನಲ್ಲಿಯೂ ಹೋಯಿತು. ಮುಂದಿನ ಸಾಲಿನಲ್ಲಿ ಒಂದು ಬಾದಾಮಿ ಮರ ಬೇರೆ ಬಂದು ನಿಂತಿತ್ತು. ನಮ್ಮ ಚಾಳಿನ ಅಂಗಳದಲ್ಲಿ ಮರವೇ ಇರಲಿಲ್ಲ. ನೆನಪು ಬರೆಯುವವರ ಪುಸ್ತಕದಲ್ಲಿ ಇಂಥ ಒಂದು ಮರ ನುಸುಳಿದರೂ ಅದು ಸುಳ್ಳೇ ಅಲ್ವಾ?

ಮತ್ತೆ ಅದೇ ಪುಟ ಕೊಟ್ಟೆ. ಈ ಸಲ ಹೇಳಿದ್ದು ಬೇರೆ: "ಒಂದು ಪದವನ್ನೂ ಬದಲಿಸಬೇಡ. ಓದಿ, ನಿನಗೆ ತಿಳಿಯದ ಐದು ಸಂಗತಿ ಕೇಳು." ಅದರ ಮೂರನೇ ಪ್ರಶ್ನೆ: "ತುಂಬಿದ ಕೊಡಗಳನ್ನು ಮೂರನೇ ಮಾಳಿಗೆಗೆ ಯಾರು ಹೊರುತ್ತಿದ್ದರು?" ಅಕ್ಕ ಹೊರುತ್ತಿದ್ದಳು. ದಿನಾ, ಸ್ಕೂಲಿಗೆ ಹೋಗುವ ಮುಂಚೆ. ನನ್ನ ಆ ಲೇಖನದಲ್ಲಿ ಅಕ್ಕನ ಹೆಸರೇ ಇರಲಿಲ್ಲ. ಆ ರಾತ್ರಿ ಕೂತು ಅವಳ ಬಗ್ಗೆ ಎರಡು ಪುಟ ಬರೆದೆ.

ನಿಮಗೆ ಬೇಕಾದ್ದು ಹೀಗೆ ಕೇಳುವ ಆ್ಯಪ್. ಚಾಟ್‌ಜಿಪಿಟಿ, ಜೆಮಿನಿ, ಕ್ಲಾಡ್ ಮೂರಕ್ಕೂ ಕನ್ನಡ ಬರುತ್ತದೆ. ಮೂರನ್ನೂ ದುಡ್ಡು ಕೊಡದೆ ಸ್ವಲ್ಪ ಬಳಸಿ ನೋಡಬಹುದು. ವ್ಯಾಕರಣ ತಿದ್ದುವ ಗ್ರಾಮರ್ಲಿಯಂಥವು ಇಂಗ್ಲಿಷ್‌ಗಾಗಿ ಮಾಡಿದ್ದು, ಬಿಡಿ. ನಿಮ್ಮ 120ರಲ್ಲಿ ಖೋಲಿ (ಕೋಣೆ), ಪಾಳಿ, ಕಾಂದಾ (ಈರುಳ್ಳಿ) ಅಂತ ನಮ್ಮ ಮುಂಬೈ ಮಾತು ಜಾಸ್ತಿ ಇರುವ ಪುಟವೊಂದನ್ನು ಆರಿಸಿ. ಮೂರಕ್ಕೂ ಅದೇ ಪುಟ, ಅದೇ ಸೂಚನೆ ಕೊಡಿ. ಬದಲಿಸಬೇಡ ಅಂದ ಮೇಲೂ ಯಾವುದು ಕೈ ಹಾಕುತ್ತೋ ಅದು ಬೇಡ. ಯಾವುದರ ಪ್ರಶ್ನೆ ಓದಿ ನಿಮಗೆ ಬರೆಯಲು ಕೂರಬೇಕು ಅನಿಸುತ್ತೋ ಅದನ್ನು ಇಟ್ಟುಕೊಳ್ಳಿ. ಒಂದು ತಿಂಗಳು ಬಿಟ್ಟಿಯಾಗಿಯೇ ಬಳಸಿ, ಆಮೇಲೆ ದುಡ್ಡಿನ ಯೋಚನೆ.

ಬರೆಯೋದು ಮಾತ್ರ ಬೇರೆ ಕಡೆ ಇರಲಿ. ಗೂಗಲ್ ಡಾಕ್ಸ್ ಸಾಕು, ಲಿಬ್ರೆಆಫೀಸೂ ಸಾಕು. ನಾಲ್ಕು ಪದ ಹೊಡೆಯುವಷ್ಟರಲ್ಲಿ ಮುಂದಿನದನ್ನು ತಾನೇ ತುಂಬುವ ಸೌಲಭ್ಯ ಇದ್ದರೆ ಆಫ್ ಮಾಡಿ. ಐಎ ರೈಟರ್ ಎಂಬ ಆ್ಯಪ್‌ನಲ್ಲಿ 2023ರಿಂದ ಎಐ ಬರೆದುಕೊಟ್ಟು ನಾವು ಅಂಟಿಸಿದ ಭಾಗವನ್ನು ಬೇರೆ ಬಣ್ಣದಲ್ಲಿ ಗುರುತಿಸಬಹುದು. ನನಗೆ ಬಹಳ ಹಿಡಿಸಿದ ಯೋಚನೆ ಇದು. ಡಾಕ್ಸಿನಲ್ಲಿ ನೀವೇ ಹಳದಿ ಬಳಿದರೂ ಆಯಿತು. ಪುಸ್ತಕ ಮುಗಿಯುವ ಹೊತ್ತಿಗೆ ಹಳದಿ ಉಳಿಯದಂತೆ ನೋಡಿಕೊಳ್ಳಿ.

ಎಐ ನಿಜಕ್ಕೂ ಕೈ ಹಿಡಿಯುವ ಕೆಲಸ ಇನ್ನೊಂದಿದೆ. ಗಿರಣಿ ಮುಷ್ಕರ ಶುರುವಾದದ್ದು 1982ರ ಜನವರಿ 18ಕ್ಕೆ. ಅಪ್ಪ ಅದಕ್ಕೂ ಮುಂಚೆ ಕ್ಯಾಂಟೀನ್ ಬಿಟ್ಟರು ಅಂತ ಒಂದು ಕಡೆ, ಆಮೇಲೆ ಅಂತ ಇನ್ನೊಂದು ಕಡೆ ಬಂದಿರಬಹುದು. ಉದ್ದ ಬರಹದಲ್ಲಿ ಇದು ಎಲ್ಲರಿಗೂ ಆಗುತ್ತೆ. ಒಂದೊಂದೇ ಅಧ್ಯಾಯ ಕೊಟ್ಟು ಅದರಲ್ಲಿ ಬರುವ ಇಸವಿ, ವಯಸ್ಸುಗಳ ಪಟ್ಟಿ ಮಾಡಿಸಿ, ಪಕ್ಕಪಕ್ಕ ಇಟ್ಟು ನೋಡಿ. ಆದರೆ ಮುಷ್ಕರದ ಸಂಗತಿಗಳನ್ನು ಅದನ್ನೇ ಕೇಳಿ ಬರೆಯಬೇಡಿ. ಆಗದೇ ಇದ್ದದ್ದನ್ನೂ ಆಗಿದೆ ಅಂತ ಗಟ್ಟಿಯಾಗಿ ಹೇಳಿಬಿಡುತ್ತದೆ. ಹಳೇ ಪತ್ರಿಕೆ ನೋಡಿ, ಆಗ ಇದ್ದವರನ್ನು ಕೇಳಿ.

ಚಾಳಿನ ಕತೆ ಅಂದರೆ ಪಕ್ಕದ ಖೋಲಿಯವರ ಕತೆಯೂ ಬರುತ್ತೆ. ಎಐಗೆ ಕೊಡುವ ಪ್ರತಿಯಲ್ಲಿ ಅವರ ಹೆಸರು ಬದಲಿಸಿಡಿ. ನಿಮ್ಮ ಬರಹವನ್ನು ಎಐ ತರಬೇತಿಗೆ ಬಳಸಲು ಬಿಡುವ ಗುಂಡಿ ಚಾಟ್‌ಜಿಪಿಟಿಯ ಸೆಟ್ಟಿಂಗ್ಸ್‌ನಲ್ಲಿ ಡೇಟಾ ಕಂಟ್ರೋಲ್ಸ್ ಒಳಗಿದೆ. ಮೊದಲ ದಿನವೇ ಮಗನ ಕೈಲಿ ಅದನ್ನು ಆಫ್ ಮಾಡಿಸಿ.

ಪ್ರಶ್ನೆ: ಪುಣೆಯಲ್ಲಿದ್ದೇನೆ. ಕನ್ನಡ ಟೈಪಿಂಗಿನ ನುಡಿ ತಂತ್ರಾಂಶದಲ್ಲಿ ಬರೆದಿಟ್ಟ ಹಳೇ ಪ್ರಬಂಧಗಳನ್ನು ಎಐಗೆ ಕೊಟ್ಟರೆ ಏನೇನೋ ಗುರುತುಗಳು ಕಾಣುತ್ತವೆ. ಆ್ಯಪ್ ಬದಲಿಸಬೇಕಾ?

ಉತ್ತರ: ಬೇಡ, ತೊಂದರೆ ಆ್ಯಪಿನದಲ್ಲ. ಹಳೇ ನುಡಿ ಫೈಲುಗಳು ಯೂನಿಕೋಡ್‌ನಲ್ಲಿಲ್ಲ, ಅಂದರೆ ಈಗಿನ ಎಲ್ಲ ಕಂಪ್ಯೂಟರ್‌ಗಳಿಗೂ ತಿಳಿಯುವ ಅಕ್ಷರ ಸಂಕೇತದಲ್ಲಿಲ್ಲ. ಫಾಂಟ್ ಕಳಚಿದರೆ ಒಳಗಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಮಾತ್ರ. ನುಡಿ ತಂತ್ರಾಂಶದಲ್ಲೇ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕ ಇದೆ. ಮೊದಲು ಒಂದೇ ಪ್ರಬಂಧ ಬದಲಿಸಿ, ಅರ್ಕಾವತ್ತು, ಒತ್ತಕ್ಷರ ಎಲ್ಲಾದರೂ ಜಾರಿವೆಯಾ ಅಂತ ಮೂಲದ ಪಕ್ಕ ಇಟ್ಟು ಓದಿ. ಸರಿ ಅನಿಸಿದರೆ ಉಳಿದವು. ಹಳೇ ಫೈಲುಗಳನ್ನು ಅಳಿಸಬೇಡಿ.