ಹಾಯಿದೋಣಿಯ ವಿಂಚ್‌ಗೆ ಎಂಥ ಹ್ಯಾಂಡಲ್ ಕೊಳ್ಳಬೇಕು? ಲೇತ್ ಅಂಗಡಿಯಲ್ಲಿ ಮಾಡಿಸಿದರೆ ಆಗದೇ?

ಗೋವಾದಲ್ಲಿ 26 ಅಡಿಯ ಹಳೇ ಹಾಯಿದೋಣಿ ಕೊಂಡು ಕಾರವಾರಕ್ಕೆ ತರುತ್ತಿದ್ದೀರಿ, ವಿಂಚ್‌ಗಳು (ಹಾಯಿಯ ಹಗ್ಗ ಸುತ್ತಿ ಎಳೆಯುವ ಡ್ರಮ್‌ಗಳು) ತಿರುಗುತ್ತಿವೆ, ಆದರೆ ಅವನ್ನು ಕೈಯಲ್ಲಿ ತಿರುಗಿಸುವ ಹ್ಯಾಂಡಲ್ ಒಂದೂ ಇಲ್ಲ, ಇಲ್ಲೇ ಲೇತ್‌ನಲ್ಲಿ ಮಾಡಿಸಿಬಿಡಲೇ ಅಂತ ಕೇಳಿದ್ದೀರಿ. ನಾನು ಕಾರವಾರದವನೇ, ಗೋವಾ ಕಡೆಯ ಯಾಟ್‌ಗಳಲ್ಲಿ ಹಾಯಿ, ಹಗ್ಗ, ವಿಂಚ್ ರಿಪೇರಿಯೇ ನನ್ನ ಕೆಲಸ. ಮಾಡಿಸಬೇಡಿ. ಲಾಕ್ ಇರುವ 10 ಇಂಚಿನ ಅಲ್ಯೂಮಿನಿಯಂ ಹ್ಯಾಂಡಲ್ ಒಂದು, ನೀರಲ್ಲಿ ತೇಲುವ ಪ್ಲಾಸ್ಟಿಕ್ ಹ್ಯಾಂಡಲ್ ಒಂದು, ಇವೆರಡನ್ನು ಕೊಳ್ಳಿ. ಯಾಕೆ ಅನ್ನುವುದು ಮುಂದಿದೆ.

ನಮ್ಮ ಲೇತ್‌ನವರ ಕೈಕೆಲಸದ ಬಗ್ಗೆ ನನಗೆ ಎರಡು ಮಾತಿಲ್ಲ. ಬೈತಖೋಲ ಬಂದರಿನ ಟ್ರಾಲರ್‌ಗಳಿಗೆ ಏನು ಮುರಿದರೂ ಅವರೇ ಗತಿ. ಆದರೆ ಟ್ರಾಲರ್‌ನ ವಿಂಚ್ ತಿರುಗುವುದು ಎಂಜಿನ್ ಬಲದಲ್ಲಿ, ಎನ್‌ಸಿಸಿ ನೇವಲ್ ಹುಡುಗರು ಓಡಿಸುವಂಥ ಪುಟ್ಟ ಹಾಯಿದೋಣಿಗಳಲ್ಲಿ ಹಗ್ಗವನ್ನು ಬರಿಗೈಯಲ್ಲೇ ಎಳೆಯುತ್ತಾರೆ. ಹಾಗಾಗಿ ಈ ಹ್ಯಾಂಡಲ್ ಅನ್ನುವ ವಸ್ತು ನಮ್ಮೂರಲ್ಲಿ ಹೆಚ್ಚಿನವರ ಕೈಗೆ ಬಂದೇ ಇಲ್ಲ.

ನಿಮ್ಮ ವಿಂಚ್‌ನ ನೆತ್ತಿಯ ಕುಳಿಯನ್ನು ಒಮ್ಮೆ ಬಗ್ಗಿ ನೋಡಿ. ಎಂಟು ಮೂಲೆಯ ನಕ್ಷತ್ರದ ಆಕಾರ. ಅದರೊಳಗೆ ಕೂರುವ ಹ್ಯಾಂಡಲ್‌ನ ತುದಿ 11/16 ಇಂಚು, ಅಂದರೆ ಸುಮಾರು 17.5 ಮಿ.ಮೀ. ಲೂಮಾರ್, ಹಾರ್ಕನ್, ಆಂಡರ್ಸನ್, ವಿಂಚ್ ಮಾಡುವ ಈ ಕಂಪನಿಯವರೆಲ್ಲರದೂ ಇದೇ ಅಳತೆ, ಆದ್ದರಿಂದ ಒಬ್ಬರ ಹ್ಯಾಂಡಲ್ ಇನ್ನೊಬ್ಬರ ವಿಂಚ್‌ಗೆ ಸಲೀಸಾಗಿ ಕೂರುತ್ತದೆ. ಲೇತ್‌ನಲ್ಲಿ ತುದಿಯನ್ನು 17ಕ್ಕೆ ಇಳಿಸಿದರು ಅನ್ನಿ, ಅಲುಗಾಡಿ ಅಲುಗಾಡಿ ಕುಳಿಯ ಮೂಲೆಗಳು ಸವೆದು ದುಂಡಗಾಗುತ್ತವೆ. ಹ್ಯಾಂಡಲ್ ಕೆಟ್ಟರೆ ಬಿಸಾಡಬಹುದು, ಕುಳಿ ಕೆಟ್ಟರೆ ವಿಂಚ್‌ನ ನಡುವಿನ ಶಾಫ್ಟನ್ನೇ ಬದಲಿಸಬೇಕು, ಹಳೇ ವಿಂಚ್‌ಗೆ ಅದನ್ನು ಹುಡುಕುವುದು ದೊಡ್ಡ ಫಜೀತಿ. ಬಿಗಿಯಾಗಿ ಮಾಡಿಸಿದರೋ, ಅವಸರದಲ್ಲಿ ಕಿತ್ತರೆ ಬರುವುದಿಲ್ಲ. ಅದು ಇನ್ನೂ ಅಪಾಯ. ಮೇಲಿಂದ ಅದು ಸಾದಾ ಕಬ್ಬಿಣ: ಉಪ್ಪುಗಾಳಿಗೆ ತುಕ್ಕು ಹಿಡಿದು ಕುಳಿಯಲ್ಲೇ ಕಚ್ಚಿಕೊಳ್ಳುತ್ತದೆ, ಕಂಪಾಸ್ ಹತ್ತಿರ ಇಟ್ಟರೆ ಮುಳ್ಳು ಆ ಕಡೆ ವಾಲುತ್ತದೆ. ರಾತ್ರಿ ಕಾರವಾರದ ಎದುರಿನ ದೇವಗಡ ದ್ವೀಪದ ಲೈಟ್‌ಹೌಸ್ ಹುಡುಕುತ್ತಾ ಬರುವಾಗ ಕಂಪಾಸ್ ಸುಳ್ಳು ಹೇಳುವುದು ಯಾರಿಗೆ ಬೇಕು?

ಇನ್ನು ಲಾಕ್. ತುದಿಯ ತಳದಲ್ಲಿ ಪುಟ್ಟದೊಂದು ಚೌಕ ತಗಡು ಇರುತ್ತದೆ. ಹೆಬ್ಬೆರಳಿನಿಂದ ಮೇಲಿನ ಕಿವಿಯನ್ನು ಸರಿಸಿದರೆ ಆ ತಗಡು ಒಳಗೇ ತಿರುಗಿ ನೇರಕ್ಕೆ ಬರುತ್ತದೆ, ಹ್ಯಾಂಡಲ್ ಕುಳಿಗೆ ಇಳಿಯುತ್ತದೆ. ಬೆರಳು ಬಿಟ್ಟರೆ ಸ್ಪ್ರಿಂಗ್ ಅದನ್ನು ಓರೆಗೆ ತಿರುಗಿಸಿ ಕುಳಿಯ ಕೆಳಗಿನ ಅಂಚಿಗೆ ಸಿಕ್ಕಿಸುತ್ತದೆ. ಆಮೇಲೆ ಮೇಲಕ್ಕೆ ಎಳೆದರೂ ಬರುವುದಿಲ್ಲ. ಕೊಳ್ಳುವಾಗ ಇದನ್ನೇ ಪರೀಕ್ಷಿಸಬೇಕು, ಅದೂ ಒಂದೇ ಕೈಯಲ್ಲಿ, ಒದ್ದೆ ಕೈಯಲ್ಲಿ. ದೋಣಿ ವಾಲಿದಾಗ ಇನ್ನೊಂದು ಕೈ ಏನನ್ನಾದರೂ ಹಿಡಿದುಕೊಂಡಿರುತ್ತದೆ. ಹಾಯಿ ಏರಿಸುವ ಹಗ್ಗದ ವಿಂಚ್ ಕೂವೆಕಂಬದ ಮೇಲೇ ಇದ್ದರೆ ಲಾಕ್ ಬೇಕೇಬೇಕು, ಅಲ್ಲಿ ಹ್ಯಾಂಡಲ್ ಅಡ್ಡಕ್ಕೆ ಕೂರುವುದರಿಂದ ಲಾಕ್ ಇಲ್ಲದ್ದು ಜಾರಿ ಬೀಳುತ್ತದೆ. ಮುಂದಿನ ಹಾಯಿಯ ಶೀಟ್ (ಹಾಯಿಯನ್ನು ಬಿಗಿಸಿ ಸಡಿಲಿಸುವ ಹಗ್ಗ) ವಿಂಚ್‌ಗೆ ಲಾಕ್ ಇಲ್ಲದ್ದೇ ಚೆನ್ನ, ತಟ್ಟನೆ ಕಿತ್ತುಕೊಳ್ಳಬಹುದು ಅನ್ನುವವರಿದ್ದಾರೆ. ರೇಸ್ ಓಡಿಸುವವರಿಗೆ ಸರಿ. ನಿಮಗೆ ಎರಡೂ ಕಡೆ ಲಾಕ್ ಇರಲಿ.

ಉದ್ದ 8 ಇಂಚೋ 10 ಇಂಚೋ ಅಂದರೆ, ಜಾಗ ಇದ್ದಲ್ಲಿ 10. ವಿಂಚ್ ಮೇಲಿನ ನಂಬರ್ ಸಾಮಾನ್ಯವಾಗಿ 10 ಇಂಚಿನ ಹ್ಯಾಂಡಲ್‌ಗೆ ಲೆಕ್ಕ ಹಾಕಿದ್ದು: 16 ನಂಬರ್ ಅಂದರೆ ಸುಮಾರು 16 ಪಟ್ಟು ಬಲ. ಕೈಯಲ್ಲಿ 15 ಕೆ.ಜಿ. ಒತ್ತಿದರೆ ಹಗ್ಗದ ಮೇಲೆ ಲೆಕ್ಕಕ್ಕೆ 240 ಕೆ.ಜಿ., ಘರ್ಷಣೆಯಲ್ಲಿ ಒಂದಿಷ್ಟು ಕಳೆದುಹೋಗುತ್ತದೆ. 8 ಇಂಚಿನದಕ್ಕೆ ಅದೇ ಶ್ರಮಕ್ಕೆ 192. ಮಧ್ಯಾಹ್ನದ ಕಡಲಗಾಳಿ ಎದ್ದಾಗ ಈ ವ್ಯತ್ಯಾಸ ಹೆಗಲಿಗೆ ಗೊತ್ತಾಗುತ್ತದೆ. ಜಾಗ ನೋಡಲು ವಿಂಚ್ ನಡುವಿಗೆ ಒಂದು ಕೋಲಿನ ತುದಿ ಇಟ್ಟು, 10 ಇಂಚು ದೂರದಲ್ಲಿ ಮುಷ್ಟಿ ಹಿಡಿದು ಪೂರ್ತಿ ಒಂದು ಸುತ್ತು ತಿರುಗಿಸಿ. ಬೆರಳಿನ ಗೆಣ್ಣು ಎಲ್ಲೂ ತಾಗಬಾರದು.

ಲೋಹದ ಬಗ್ಗೆ ಜನ ಸುಮ್ಮನೆ ತಲೆ ಕೆಡಿಸಿಕೊಳ್ಳುತ್ತಾರೆ. ಕ್ರೋಮ್ ಹಾಕಿದ ಕಂಚಿನದು ತಲೆಮಾರು ಬಾಳುತ್ತದೆ, ಆದರೆ ಭಾರ, ಕಾಲ ಮೇಲೆ ಬಿದ್ದರೆ ಬೆರಳು ಜಜ್ಜುತ್ತದೆ. ಕಾರ್ಬನ್ ಫೈಬರ್ ದುಡ್ಡು ಹೆಚ್ಚಾದವರಿಗೆ. ಆನೊಡೈಸ್ ಮಾಡಿದ ಅಲ್ಯೂಮಿನಿಯಂ ಹಗುರ, ಗಟ್ಟಿ, ಕಂಪಾಸ್‌ಗೆ ತೊಂದರೆ ಕೊಡುವುದಿಲ್ಲ. ತೇಲುವ ಪ್ಲಾಸ್ಟಿಕ್‌ದು ಜೋರು ಒತ್ತಿದರೆ ಕೊಂಚ ಬಾಗುತ್ತದೆ, ಬಾಗಲಿ. ಕಣ್ಣಿಗೆ ಹೊಡೆಯುವ ಬಣ್ಣದ್ದೇ ತೆಗೆದುಕೊಳ್ಳಿ.

ನೀವು ಕೇಳದೇ ಇದ್ದರೂ ಇದನ್ನು ಹೇಳಲೇಬೇಕು. ಹ್ಯಾಂಡಲ್‌ನಿಂದ ಪೆಟ್ಟಾಗುವುದಕ್ಕೆ ಕಾರಣ ಎಷ್ಟೋ ಸಲ ಹ್ಯಾಂಡಲ್ ಅಲ್ಲ, ವಿಂಚ್‌ನ ಹೊಟ್ಟೆಯೊಳಗಿನ ಪಾಲ್‌ಗಳು. ಹಲ್ಲಿಗೆ ಸಿಕ್ಕಿ ಡ್ರಮ್ ಹಿಂದಕ್ಕೆ ತಿರುಗದಂತೆ ತಡೆಯುವ ಸಣ್ಣ ತುಂಡುಗಳು ಅವು, ಸೈಕಲ್ ಫ್ರೀವೀಲ್‌ನಲ್ಲಿ ಇರುವಂಥವೇ. ಯಾರೋ ಪುಣ್ಯಾತ್ಮ ಅವಕ್ಕೆ ದಪ್ಪ ಗ್ರೀಸ್ ಮೆತ್ತಿರುತ್ತಾನೆ. ಗ್ರೀಸ್ ಹೆಪ್ಪುಗಟ್ಟಿ ಸ್ಪ್ರಿಂಗ್ ಪಾಲನ್ನು ಹೊರಗೆ ತಳ್ಳುವುದಿಲ್ಲ. ಪೂರ್ತಿ ಭಾರ ಬಿದ್ದಾಗ ಡ್ರಮ್ ಹಿಂದಕ್ಕೆ ಓಡಿದರೆ ಜೊತೆಗೆ ಹ್ಯಾಂಡಲ್ ಕೂಡ ಗಿರ್ರನೆ ತಿರುಗಿ ಮಣಿಕಟ್ಟಿಗೋ ದವಡೆಗೋ ಬಡಿಯುತ್ತದೆ. ಗ್ರೀಸ್ ಗೇರ್‌ಗಳಿಗೆ ಮಾತ್ರ, ಅದೂ ತೆಳುವಾಗಿ. ಪಾಲ್‌ಗೆ ತೆಳು ಎಣ್ಣೆ ಒಂದು ಹನಿ. ಡ್ರಮ್ ತಿರುಗಿಸಿದರೆ ಚುರುಕಾಗಿ ಟಿಕ್ ಟಿಕ್ ಸದ್ದು ಬರಬೇಕು. ಸದ್ದು ಮಂಕಾಗಿದ್ದರೆ ಹೊಸ ಹ್ಯಾಂಡಲ್ ಹಾಕುವ ಮುಂಚೆ ವಿಂಚ್ ಬಿಚ್ಚಿಸಿ ತೊಳೆಸಿ.

ಹಗ್ಗ ಸಡಿಲಿಸುವ ಮುಂಚೆ ಹ್ಯಾಂಡಲ್ ಕಿತ್ತು ಜೇಬಿಗೆ ಹಾಕುವುದನ್ನು ದೋಣಿಯಲ್ಲಿ ಇರುವವರಿಗೆಲ್ಲ ಕಲಿಸಿ. ಜೇಬು ಅಂದರೆ ಕಾಕ್‌ಪಿಟ್‌ಗೆ (ದೋಣಿ ನಡೆಸುವವರು ಕೂರುವ ತಗ್ಗು ಜಾಗ) ಅಂಟಿಸುವ ಪಿವಿಸಿ ಚೀಲ, ತಳದಲ್ಲಿ ನೀರು ಹೋಗಲು ತೂತು ಇರಬೇಕು. ಕಾಳಿ ಅಳಿವೆಯಿಂದ ಹೊರಗೆ ಹೋಗುವಾಗ ಒಂದು ದೋಣಿಯಲ್ಲಿ ನಾನೂ ಇದ್ದೆ. ಟ್ಯಾಕ್ ಮಾಡಿದರು, ಅಂದರೆ ದೋಣಿಯ ಮೂತಿಯನ್ನು ಗಾಳಿಗೆ ಅಡ್ಡ ಹಾಯಿಸಿ ಹಾಯಿಯನ್ನು ಆಚೆ ಬದಿಗೆ ತಿರುಗಿಸಲು ಹೊರಟರು, ಹ್ಯಾಂಡಲ್ ವಿಂಚ್‌ನಲ್ಲೇ ಉಳಿದಿತ್ತು, ಅದಕ್ಕೆ ಲಾಕ್ ಇರಲಿಲ್ಲ. ಪಟಪಟ ಬಡಿಯುತ್ತಿದ್ದ ಶೀಟ್ ಅದಕ್ಕೆ ಸುತ್ತಿ ಎತ್ತಿ ಒಗೆಯಿತು. ಒಬ್ಬರ ಕಿವಿಯ ಪಕ್ಕ ಹಾದು ನೀರಿಗೆ ಬಿತ್ತು. ಕಂಚಿನದು, ಮುಳುಗಿತು. ಲಾಕ್ ಇದ್ದಿದ್ದರೆ ಹಾರುತ್ತಿರಲಿಲ್ಲ, ಆದರೆ ಹಗ್ಗ ಅದಕ್ಕೇ ಸಿಕ್ಕಿಹಾಕಿಕೊಂಡು ಹಾಯಿ ಆಚೆ ಬದಿಗೆ ಹೋಗುತ್ತಲೇ ಇರಲಿಲ್ಲ. ಲಾಕ್ ಇದೆ ಅಂತ ಅಲ್ಲೇ ಬಿಡಬಾರದು ಅನ್ನುವುದು ಇದಕ್ಕೇ. ಹ್ಯಾಂಡಲ್‌ಗೆ ದಾರ ಕಟ್ಟಿಡಲೇ ಅಂತಲೂ ಕೇಳಿದ್ದೀರಿ, ಬೇಡ, ತಿರುಗಿಸುವಾಗ ಅದು ಡ್ರಮ್‌ಗೇ ಸುತ್ತಿಕೊಳ್ಳುತ್ತದೆ.

ದಿನದ ಕೊನೆಗೆ ಲಾಕ್‌ನ ಸಂದಿಗೆ ಸಿಹಿನೀರು ಬಿಡಿ. ಮಳೆಗಾಲದಲ್ಲಿ ದೋಣಿ ದಡಕ್ಕೆ ಎಳೆದಾಗ ಹ್ಯಾಂಡಲ್ ಮನೆಗೆ ಒಯ್ಯಿರಿ, ದೋಣಿಯಲ್ಲೇ ಬಿಟ್ಟರೆ ಸೆಪ್ಟೆಂಬರ್ ಹೊತ್ತಿಗೆ ಲಾಕ್ ಬಿಗಿದುಕೊಂಡಿರುತ್ತದೆ.

ಹೊಸದು ಬಹುತೇಕ ಆಮದು ಮಾಲು, ಬೆಲೆ ಕೇಳಿ ಬೆಚ್ಚಬಹುದು. ಗೋವಾದಲ್ಲಿ ಹಳೇ ಯಾಟ್ ಬಿಚ್ಚುವವರ ಹತ್ತಿರ ವಿಚಾರಿಸಿ. ಸೆಕೆಂಡ್ ಹ್ಯಾಂಡ್ ಆದರೆ ತುದಿಯ ಮೂಲೆಗಳು ಚೂಪಾಗಿವೆಯೇ, ಹಿಡಿ ಸಲೀಸಾಗಿ ಸುತ್ತುತ್ತದೆಯೇ, ತೋಳು ತುದಿಗೆ ಸೇರುವಲ್ಲಿ ಕೂದಲೆಳೆಯ ಬಿರುಕು ಇದೆಯೇ ಅಂತ ಬಿಸಿಲಿಗೆ ಹಿಡಿದು ನೋಡಿ. ಬಿರುಕಿದ್ದರೆ ಪುಕ್ಕಟೆ ಕೊಟ್ಟರೂ ಬೇಡ. ಕೆಲವು ತೀರಾ ಹಳೇ ವಿಂಚ್‌ಗಳ ಕುಳಿಯ ಅಳತೆ ಬೇರೆ ಇರುತ್ತದೆ, ಹಾಗಾಗಿ ದುಡ್ಡು ಕೊಡುವ ಮುಂಚೆ ವರ್ನಿಯರ್ ಇಟ್ಟು ಅಳೆಯಿರಿ. ಅನುಮಾನ ಬಂದರೆ ವಿಂಚ್ ಮೇಲಿನ ಹೆಸರು, ನಂಬರ್, ಕುಳಿಯ ಫೋಟೋ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.