ಬಕೆಟ್ ಬೇಡ, ತಕ್ಕಡಿ ಕೆಳಗೆ ತನ್ನಿ

ಕೊಡಗಿನ ಅಮ್ಮತ್ತಿ ಕಡೆಯ ಓದುಗರೊಬ್ಬರು ಬರೆದ ಪತ್ರ ಇದು. ಹೆಸರು ಹಾಕಬೇಡಿ ಎಂದು ಕೇಳಿದ್ದಾರೆ, ಹಾಕಿಲ್ಲ. ಪತ್ರದ ಮುಖ್ಯ ಭಾಗ ಹೀಗಿದೆ:

"ಮೈಸೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ನಾನು ಪ್ರಾಜೆಕ್ಟ್ ಮ್ಯಾನೇಜರ್ ಆಗಿ ಎರಡು ವರ್ಷ ಆಯಿತು. ತಂಡದಲ್ಲಿ 11 ಜನ ಇದ್ದರು. ಆರು ತಿಂಗಳಲ್ಲಿ ಮೂವರು ಬಿಟ್ಟು ಹೋದರು. ಉಳಿದವರು ಬರುತ್ತಾರೆ, ಹೇಳಿದಷ್ಟು ಮಾಡುತ್ತಾರೆ, ಹೋಗುತ್ತಾರೆ. ಮೀಟಿಂಗಿನಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ತಿಂಗಳಿಗೊಬ್ಬರಿಗೆ 'ಸ್ಟಾರ್' ಪ್ರಶಸ್ತಿ ಶುರು ಮಾಡಿದೆ. ಶುಕ್ರವಾರ ಸಂಜೆ ಆಟ ಇಟ್ಟೆ. ದಿನಾ ಬೆಳಿಗ್ಗೆ ಗ್ರೂಪಿನಲ್ಲಿ ಒಂದು ಒಳ್ಳೆಯ ಮಾತು ಹಾಕುತ್ತೇನೆ. ಏನೂ ಬದಲಾಗಲಿಲ್ಲ. ನಿಮ್ಮ ಟೀಮಿಗೆ ಮೋಟಿವೇಶನ್ ಇಲ್ಲ, ನೀವು ಸ್ವಲ್ಪ ಗಟ್ಟಿಯಾಗಿರಿ ಅಂತ ಮೇಲಿನವರು ಹೇಳುತ್ತಾರೆ. ಜನರಲ್ಲಿ ಹುರುಪು ತುಂಬುವುದು ಹೇಗೆ? ಭಾಷಣ ಮಾಡುವುದನ್ನು ಕಲಿಯಬೇಕಾ? ನಾಯಕತ್ವ ನನಗೆ ಹುಟ್ಟಿನಿಂದ ಬಂದಿಲ್ಲ ಅನ್ನಿಸುತ್ತದೆ."

ನಾಲ್ಕು ಪುಟ ಕೈಯಲ್ಲೇ ಬರೆದು ಕಳಿಸಿದ್ದೀರಿ. ಎರಡು ವಾರದಿಂದ ಪತ್ರ ನನ್ನ ಮೇಜಿನ ಮೇಲೇ ಇದೆ. ತನ್ನ ತಂಡದ ಬಗ್ಗೆ ಇಷ್ಟು ಯೋಚಿಸುವ ಮ್ಯಾನೇಜರ್ ಸಿಕ್ಕಿದ್ದು ಆ ಜನರ ಪುಣ್ಯ ಅನ್ನಿಸಿತು. ಆದರೆ ಒಂದು ವಿಷಯಕ್ಕೆ ನಿಮ್ಮ ಮೇಲೆ ಸ್ವಲ್ಪ ಬೇಸರವೂ ಇದೆ. ನಾಲ್ಕು ಪುಟದಲ್ಲಿ ನೀವು ಮಾಡಿದ್ದೆಲ್ಲ ಇದೆ. ಆ ಹನ್ನೊಂದು ಜನ ಏನು ಹೇಳಿದರು ಅನ್ನುವುದು ಒಂದು ಸಾಲೂ ಇಲ್ಲ. ಬಿಟ್ಟು ಹೋದ ಮೂವರು ಯಾಕೆ ಹೋದರು ಅನ್ನುವುದೂ ಇಲ್ಲ. ಕೇಳಿದ್ದೀರಾ?

ನಾನು ಇಷ್ಟು ನೇರವಾಗಿ ಕೇಳುವುದಕ್ಕೆ ಕಾರಣ ಇದೆ. ಪತ್ರಿಕೆಗೆ ಬರುವ ಮೊದಲು, ಇಪ್ಪತ್ತೆರಡನೇ ವಯಸ್ಸಿನಲ್ಲಿ, ಮಾದಾಪುರದ ಕಡೆಯ ಒಂದು ಕಾಫಿ ತೋಟದಲ್ಲಿ ನಾನು ರೈಟರ್, ಅಂದರೆ ಆಳು ಮತ್ತು ತೂಕದ ಲೆಕ್ಕ ಬರೆಯುವವನು, ಆಗಿದ್ದೆ. ಅರೇಬಿಕಾ ತೋಟ, ಕಡಿದಾದ ಇಳಿಜಾರು. ಡಿಸೆಂಬರ್ ಬಂತೆಂದರೆ ಕೊಯ್ಲು ಜೋರು. ಕೂಲಿ ದಿನದ ಲೆಕ್ಕದಲ್ಲಿತ್ತು. ನಿಗದಿಗಿಂತ ಜಾಸ್ತಿ ಕೊಯ್ದರೆ ಕೆಜಿಗೆ ಇಷ್ಟು ಅಂತ ಮೇಲೆ ಹಣ. ಆ ವರ್ಷ ಕೊಯ್ಲು ನಿಧಾನ ಆಯಿತು. ಮಾಲೀಕರು ಒಂದು ಉಪಾಯ ಮಾಡಿದರು. ವಾರದಲ್ಲಿ ಎಲ್ಲರಿಗಿಂತ ಜಾಸ್ತಿ ಕೊಯ್ದವರಿಗೆ ಶನಿವಾರ ಒಂದು ಸ್ಟೀಲ್ ಬಕೆಟ್.

ಮೊದಲ ವಾರ ಚೆನ್ನಾಗಿಯೇ ಹೋಯಿತು. ಎರಡನೇ ವಾರ ಚೀಲದಲ್ಲಿ ಹಣ್ಣಿನ ಜೊತೆ ಹಸಿರು ಕಾಯಿ ಬರತೊಡಗಿತು. ತೂಕಕ್ಕೆ ಹಣ್ಣೂ ಒಂದೇ ಕಾಯಿಯೂ ಒಂದೇ ಅಲ್ವಾ? ಆದರೆ ಕಾಯಿ ಪಲ್ಪರ್ ಯಂತ್ರದಲ್ಲಿ ಸರಿಯಾಗಿ ಸಿಪ್ಪೆ ಬಿಡುವುದಿಲ್ಲ, ಸಿಪ್ಪೆ ತೆಗೆದು ಒಣಗಿಸಿದ ಬೀಜ, ಅಂದರೆ ಪಾರ್ಚ್‌ಮೆಂಟ್, ಕೆಡುತ್ತದೆ. ಅವಸರಕ್ಕೆ ಎಳೆದು ಕೊಂಬೆಗಳೂ ಮುರಿದವು. ಮೂರನೇ ವಾರ ಇನ್ನೊಂದು ನೋಡಿದೆ, ಅದು ನನಗೆ ಇವತ್ತಿಗೂ ಮರೆತಿಲ್ಲ. ಒಬ್ಬರ ತಲೆಗೆ ಒಬ್ಬರು ಚೀಲ ಎತ್ತಿಕೊಡುತ್ತಿದ್ದ ಹೆಂಗಸರು ಅದನ್ನು ನಿಲ್ಲಿಸಿದರು. ಹೊಸ ಹುಡುಗಿಯರ ಪಕ್ಕ ನಿಂತು ಯಾವ ಹಣ್ಣು ಕೀಳಬೇಕು, ಯಾವುದನ್ನು ಮುಂದಿನ ಸಲಕ್ಕೆ ಬಿಡಬೇಕು ಎಂದು ತೋರಿಸುತ್ತಿದ್ದ ಹಿರಿಯ ಹೆಂಗಸು ತನ್ನ ಸಾಲು ಬಿಟ್ಟು ಕದಲಲಿಲ್ಲ. ಬಕೆಟ್ ಮಾತ್ರ ಪ್ರತಿ ವಾರ ಅದೇ ಇಬ್ಬರ ಮನೆಗೆ ಹೋಯಿತು. ನಾನು ಪುಸ್ತಕದಲ್ಲಿ ಬರೆದೆ: ಆಳುಗಳಿಗೆ ಉತ್ಸಾಹ ಇಲ್ಲ.

ಒಂದು ಸಂಜೆ ಕಣದ ಕಟ್ಟೆಯಲ್ಲಿ ಆ ಹಿರಿಯ ಹೆಂಗಸಿನ ಪಕ್ಕ ಕೂತು ಕೇಳಿದೆ, ಏನು ಮಾಡಿದರೆ ಕೆಲಸ ಬೇಗ ಸಾಗುತ್ತದೆ ಅಂತ. ಅವರು ಯೋಚನೆಯನ್ನೂ ಮಾಡಲಿಲ್ಲ. "ಬಕೆಟ್ ಬೇಡ ರೈಟ್ರೇ, ತಕ್ಕಡಿ ಕೆಳಗೆ ತನ್ನಿ" ಅಂದರು.

ತಕ್ಕಡಿ ಮೇಲೆ ಕಣದ ಪಕ್ಕ ಇತ್ತು. ಕೊಯ್ಲು ಕೆಳಗಿನ ಇಳಿಜಾರಿನಲ್ಲಿ ನಡೆಯುತ್ತಿತ್ತು. ದಿನವಿಡೀ ಕೊಯ್ದ ಚೀಲವನ್ನು ತಲೆ ಮೇಲೆ ಹೊತ್ತು ಆ ಏರು ಹತ್ತಬೇಕು. ಹತ್ತಿ ಸಾಲಿನಲ್ಲಿ ನಿಲ್ಲಬೇಕು. ತೂಕ ಮುಗಿಯುವಾಗ ಕತ್ತಲೆ. ಆಮೇಲೆ ತೋಟದ ಆಳುಗಳ ಲೈನ್ ಮನೆಗೆ ಹೋಗಿ ಸೌದೆ, ನೀರು, ಅಡುಗೆ. ಅಷ್ಟು ದಿನ ಆ ಏರನ್ನು ನಾನು ಖಾಲಿ ಕೈಯಲ್ಲಿ ಹತ್ತಿದ್ದೆ, ನನಗೆ ಅದು ಕಂಡಿರಲಿಲ್ಲ. ಕೆಳಗೆ ಜೀಪ್ ಬರುವ ದಾರಿಯಲ್ಲೇ ತೂಗೋಣ ಎಂದು ಮಾಲೀಕರಿಗೆ ಹೇಳಿದೆ. ಅವರು ಒಪ್ಪಲಿಲ್ಲ. ತಕ್ಕಡಿ ತಮ್ಮ ಕಣ್ಣೆದುರೇ ಇರಬೇಕು ಅಂದರು. ಅಂದರೆ ನಲವತ್ತು ಜನ ದಿನಾ ಹೊತ್ತು ಹತ್ತುತ್ತಿದ್ದದ್ದು ಕಾಫಿಯನ್ನಲ್ಲ, ಮಾಲೀಕರ ಅಪನಂಬಿಕೆಯನ್ನು. ಮೂರು ದಿನ ಹಿಂದೆ ಬಿದ್ದು ಒಪ್ಪಿಸಿದೆ. ಜೀಪಿನ ದಾರಿ ಪಕ್ಕದ ಸಿಲ್ವರ್ ಓಕ್ ಮರಕ್ಕೆ ತಕ್ಕಡಿ ನೇತು ಹಾಕಿದೆವು. ನಾಲ್ಕೂವರೆಗೆ ತೂಕ ಮುಗಿಯತೊಡಗಿತು. ಆ ವಾರದಿಂದಲೇ ಕೊಯ್ಲು ಏರಿತು, ಕಾಯಿ ಬರುವುದು ನಿಂತಿತು. ಯಾರೂ ಭಾಷಣ ಮಾಡಿರಲಿಲ್ಲ.

ಹಣ ಬೇಡ, ಹೊಗಳಿಕೆ ಬೇಡ ಅಂತ ನಾನು ಹೇಳುತ್ತಿಲ್ಲ. ಸಂಬಳ ಕಮ್ಮಿ ಇದ್ದರೆ ಮೊದಲು ಅದನ್ನು ಸರಿ ಮಾಡಿಸಿ. ಬೇಕೆಂದೇ ಕೆಲಸ ಕೆಡಿಸುವವರ ಜೊತೆ ಗಟ್ಟಿಯಾಗಿ ಇರಲೇಬೇಕು, ನಿಮ್ಮ ಮೇಲಿನವರು ಅಷ್ಟರ ಮಟ್ಟಿಗೆ ಸರಿ. ಆದರೆ ಹನ್ನೊಂದು ಜನ ಒಟ್ಟಿಗೆ ಮಂಕಾದರೆ ತಪ್ಪು ಆ ಹನ್ನೊಂದು ಜನರೊಳಗೆ ಇರುವುದಿಲ್ಲ.

ನಿಮ್ಮ 'ಸ್ಟಾರ್' ಪ್ರಶಸ್ತಿ ಓದಿದಾಗ ನನಗೆ 1973ರ ಒಂದು ಪ್ರಯೋಗ ನೆನಪಾಯಿತು. ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಶಿಶುವಿಹಾರದಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು ಮನಶ್ಶಾಸ್ತ್ರಜ್ಞರು ಮಾಡಿದ್ದು. ಚಿತ್ರ ಬಿಡಿಸುವುದೆಂದರೆ ತಾವಾಗೇ ಓಡಿ ಬರುವ ಮಕ್ಕಳನ್ನು ಆರಿಸಿಕೊಂಡರು. ಕೆಲವರಿಗೆ, ಚಿತ್ರ ಬಿಡಿಸಿದರೆ ಚಿನ್ನದ ಬಣ್ಣದ ಮುದ್ರೆ ಇರುವ ಸರ್ಟಿಫಿಕೇಟ್ ಕೊಡುತ್ತೇವೆ ಎಂದು ಮೊದಲೇ ಹೇಳಿದರು. ಒಂದೆರಡು ವಾರ ಕಳೆದು ನೋಡಿದರೆ, ಆ ಮಕ್ಕಳು ಬಿಡುವಿನಲ್ಲಿ ಚಿತ್ರಕ್ಕೆ ಕೊಡುವ ಹೊತ್ತು ಉಳಿದ ಮಕ್ಕಳ ಅರ್ಧಕ್ಕೆ ಇಳಿದಿತ್ತು. ಹೇಳದೇ ಕೊನೆಗೆ ಸರ್ಟಿಫಿಕೇಟ್ ಕೊಟ್ಟ ಮಕ್ಕಳಲ್ಲಿ ಹೀಗೆ ಆಗಲಿಲ್ಲ. ಇಷ್ಟಪಟ್ಟು ಮಾಡುತ್ತಿದ್ದ ಕೆಲಸ ಬಹುಮಾನದ ಕೆಲಸ ಆಗಿಬಿಟ್ಟಿತು. ನಮ್ಮ ಬಕೆಟ್ ಮಾಡಿದ್ದೂ ಇದನ್ನೇ.

ಅದಕ್ಕೂ ಮೊದಲು, 1959ರಲ್ಲಿ, ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ಮತ್ತು ಜೊತೆಗಾರರು ಪಿಟ್ಸ್‌ಬರ್ಗ್ ಸುತ್ತಮುತ್ತ ಸುಮಾರು 200 ಎಂಜಿನಿಯರುಗಳು ಮತ್ತು ಲೆಕ್ಕಪತ್ರದವರನ್ನು ಮಾತನಾಡಿಸಿದ್ದನ್ನು ಪ್ರಕಟಿಸಿದ್ದರು. ಕೆಲಸದಲ್ಲಿ ಯಾವಾಗ ಖುಷಿಯಾಗಿತ್ತು, ಯಾವಾಗ ಬೇಜಾರಾಗಿತ್ತು ಎಂದು ಕೇಳಿದರು. ಬೇಜಾರಿಗೆ ಕಾರಣ ಕಂಪನಿಯ ನಿಯಮ, ಮೇಲಿನವರ ಕಾಟ, ಕೆಲಸದ ಜಾಗದ ಸ್ಥಿತಿ. ಖುಷಿಗೆ ಕಾರಣ ಬೇರೆಯೇ: ಒಂದು ಕೆಲಸ ಮಾಡಿ ಮುಗಿಸಿದ್ದು, ಅದನ್ನು ಯಾರೋ ಗುರುತಿಸಿದ್ದು, ಜವಾಬ್ದಾರಿ ಕೈಗೆ ಬಂದಿದ್ದು. ನೋಡಿ, ಎರಡೂ ಬೇರೆ ಬೇರೆ ಪಟ್ಟಿ. ಶುಕ್ರವಾರದ ಆಟ ಆ ಎರಡೂ ಪಟ್ಟಿಯಲ್ಲಿ ಇಲ್ಲ.

ಜವಾಬ್ದಾರಿ ಅಂದೆ. ಅದನ್ನು ನೋಡಲು ನೀವು ಪಿಟ್ಸ್‌ಬರ್ಗ್‌ಗೆ ಹೋಗಬೇಕಾಗಿಲ್ಲ. ಕೊಡವ ಮನೆತನಗಳ ತಂಡಗಳು ಆಡುವ ನಮ್ಮ ಕೊಡವ ಹಾಕಿ ಹಬ್ಬವನ್ನು ನೋಡಿ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದಾಗ 60 ಕುಟುಂಬಗಳ 60 ತಂಡ. 2024ರಲ್ಲಿ ನಾಪೋಕ್ಲಿನಲ್ಲಿ ಕುಂಡ್ಯೋಳಂಡ ಕುಟುಂಬ ನಡೆಸಿದಾಗ 360 ತಂಡ. ಮೈದಾನ, ವೇಳಾಪಟ್ಟಿ, ಅಂಪೈರುಗಳು, ಗ್ಯಾಲರಿ, ಊಟ, ನೀರು. ನಿಮ್ಮ ಭಾಷೆಯಲ್ಲಿ ಅದು ದೊಡ್ಡ ಪ್ರಾಜೆಕ್ಟೇ. ಪ್ರತಿ ವರ್ಷ ಒಂದು ಮನೆತನ ಹೊತ್ತುಕೊಳ್ಳುತ್ತದೆ. ಕಪ್ಪಿನ ಮೇಲೆ ಅವರ ಮನೆತನದ ಹೆಸರು. ಆದಿಯಿಂದ ಅಂತ್ಯದವರೆಗೆ ಕೆಲಸ ಅವರದ್ದು. ನಿಮ್ಮ ತಂಡದಲ್ಲಿ ಯಾರಿಗಾದರೂ ಒಂದು ಭಾಗವನ್ನು ಹೀಗೆ ಪೂರ್ತಿ ಕೈಗೆ ಕೊಟ್ಟಿದ್ದೀರಾ? ಅಥವಾ ಎಲ್ಲರಿಗೂ ದಿನಕ್ಕೆ ನಾಲ್ಕು ಚೂರು ಹಂಚಿ, ಸಂಜೆ ಎಷ್ಟಾಯಿತು ಎಂದು ಕೇಳುತ್ತೀರಾ?

ಇನ್ನು ಭಾಷಣದ ವಿಷಯ. ಮಾತಿನಲ್ಲಿ ನಾಯಕತ್ವ ಇದೆ ಎಂದು ನಂಬಿದ ಕೊಡಗಿನವರನ್ನು ಕಂಡರೆ ನನಗೆ ನೋವಾಗುತ್ತದೆ. ಮಡಿಕೇರಿಯ ಸನ್ನಿ ಸೈಡ್ ಮನೆ ಈಗ ಜನರಲ್ ತಿಮ್ಮಯ್ಯನವರ ಮ್ಯೂಸಿಯಂ. ಊರಿಗೆ ಬಂದ ನೆಂಟರನ್ನೆಲ್ಲ ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ಕಾಶ್ಮೀರ ಯುದ್ಧದಲ್ಲಿ, 1948ರ ನವೆಂಬರ್ 1ರಂದು, ಸುಮಾರು 11,500 ಅಡಿ ಎತ್ತರದ ಜೋಜಿಲಾ ಕಣಿವೆದಾರಿಯಲ್ಲಿ ನಮ್ಮ ಟ್ಯಾಂಕುಗಳು ನುಗ್ಗಿದ್ದು, ಮುಂದಿನ ಟ್ಯಾಂಕಿನಲ್ಲಿ ತಿಮ್ಮಯ್ಯನವರೇ ಇದ್ದದ್ದು ಎಲ್ಲರಿಗೂ ಗೊತ್ತು. ನಾನು ನೆಂಟರಿಗೆ ಹೇಳುವುದು ಅದರ ಹಿಂದಿನ ಕತೆ. ಸೆಪ್ಟೆಂಬರಿನಲ್ಲಿ ಕಾಲಾಳುಗಳ ದಾಳಿ ಅಲ್ಲಿ ಸೋತಿತ್ತು. ಆ ಸೈನಿಕರಿಗೆ ಹುರುಪು ಕಮ್ಮಿ ಇತ್ತಾ? ಇಲ್ಲ. ಎದುರಿನ ಗುಡ್ಡದ ಮೇಲಿಂದ ಗುಂಡು ಸುರಿಯುತ್ತಿತ್ತು. ಅದನ್ನು ದಾಟಲು ಟ್ಯಾಂಕ್ ಬೇಕಿತ್ತು, ಟ್ಯಾಂಕಿಗೆ ರಸ್ತೆ ಬೇಕಿತ್ತು. ಬಾಲ್ತಲ್‌ನಿಂದ ಮೇಲಕ್ಕೆ ಇದ್ದದ್ದು ಹೇಸರಗತ್ತೆ ಹೋಗುವ ದಾರಿ. ಅದನ್ನು ಆ ಚಳಿಯಲ್ಲಿ ಕಡಿದು ಅಗಲ ಮಾಡಿದವರು ಸೇನೆಯ ಎಂಜಿನಿಯರಿಂಗ್ ಪಡೆ ಮದ್ರಾಸ್ ಸ್ಯಾಪರ್ಸ್, ನಮ್ಮ ಬೆಂಗಳೂರಿನ ಹಲಸೂರು ಕೆರೆ ಪಕ್ಕ ಇರುವವರು. ಸೋತವರಿಗೆ ಧೈರ್ಯದ ಮಾತು ಹೇಳಿ ಮತ್ತೆ ಅದೇ ಗುಡ್ಡಕ್ಕೆ ಕಳಿಸುವುದು ಸುಲಭ ಇತ್ತು. ತಿಮ್ಮಯ್ಯನವರು ದಾರಿ ಮಾಡಿಸಿದರು, ಆಮೇಲೆ ಆ ದಾರಿಯಲ್ಲಿ ತಾವೇ ಮುಂದೆ ಹೋದರು. ಇದಕ್ಕೆ ಭಾಷಣ ಕಲಿಯಬೇಕಾಗಿಲ್ಲ. ನೀವು ಹುಟ್ಟಿನಿಂದ ಬಂದಿಲ್ಲ ಎಂದು ಬರೆದ ಗುಣ ಇದೇ ಆಗಿದ್ದರೆ, ದಯವಿಟ್ಟು ಆ ಮಾತನ್ನು ವಾಪಸ್ ತೆಗೆದುಕೊಳ್ಳಿ.

ಮೀಟಿಂಗಿನಲ್ಲಿ ಯಾರೂ ಬಾಯಿ ಬಿಡುವುದಿಲ್ಲ ಅಂದಿರಿ. ಪತ್ರದಲ್ಲಿ ನನ್ನನ್ನು ಜಾಸ್ತಿ ಕಾಡಿದ ಸಾಲು ಅದು. ಏಮಿ ಎಡ್ಮಂಡ್ಸನ್ ಎಂಬ ಸಂಶೋಧಕಿ 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಲೆಕ್ಕ ಹಾಕಿದರು. ಒಳ್ಳೆಯ ತಂಡದಲ್ಲಿ ತಪ್ಪು ಕಮ್ಮಿ ಇರುತ್ತದೆ ಅಂದುಕೊಂಡಿದ್ದರು. ಲೆಕ್ಕದಲ್ಲಿ ಜಾಸ್ತಿ ಕಂಡಿತು. ಹತ್ತಿರ ಹೋಗಿ ನೋಡಿದಾಗ ಗೊತ್ತಾಯಿತು, ಒಳ್ಳೆಯ ತಂಡದವರು ತಪ್ಪನ್ನು ಹೇಳಿಕೊಳ್ಳುತ್ತಿದ್ದರು, ಉಳಿದವರು ಹೆದರಿ ಮುಚ್ಚಿಡುತ್ತಿದ್ದರು. ನಿಮ್ಮ ಮೀಟಿಂಗಿನ ಮೌನ ಸೋಮಾರಿತನದ ಮೌನ ಅಂತ ನನಗೆ ಅನ್ನಿಸುವುದಿಲ್ಲ. ಹಿಂದೆ ಯಾರೋ ಒಬ್ಬರು, ಈ ಕೆಲಸ ಜನವರಿಗೆ ಮುಗಿಯುವುದಿಲ್ಲ ಎಂದು ನಿಜ ಹೇಳಿ ಎಲ್ಲರೆದುರು ಬೈಸಿಕೊಂಡಿರಬೇಕು. ಉಳಿದವರು ಅದನ್ನು ನೋಡಿಕೊಂಡಿರಬೇಕು.

"ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾನು ಮಾಡಿದ್ದು ಉತ್ತಮ" ಎಂಬ ಗಾದೆ ನಮ್ಮಲ್ಲಿದೆ. ನನಗೆ ಈ ಗಾದೆ ಕಂಡರೆ ಆಗುವುದಿಲ್ಲ. ನೋಡಿಕೊಳ್ಳದಿದ್ದರೆ ಜನ ಕೆಲಸ ಮಾಡುವುದಿಲ್ಲ ಎಂಬ ಈ ನಂಬಿಕೆಗೆ 1960ರಲ್ಲಿ ಅಮೆರಿಕದ ಮ್ಯಾನೇಜ್ಮೆಂಟ್ ಪ್ರಾಧ್ಯಾಪಕ ಡಗ್ಲಸ್ ಮೆಕ್‌ಗ್ರೆಗರ್ ಥಿಯರಿ ಎಕ್ಸ್ ಎಂದು ಹೆಸರಿಟ್ಟರು. ಅಂಥ ನಂಬಿಕೆಯಿಂದ ನಡೆಸಿಕೊಂಡರೆ ಜನ ಕೊನೆಗೆ ಹಾಗೇ ಆಗುತ್ತಾರೆ ಎಂದೂ ಹೇಳಿದರು. ತೋಟದಲ್ಲಿ ನಾವು 'ಇವತ್ತು ಎಷ್ಟು ಆಳು' ಎಂದು ಎಣಿಸಿದೆವು. ಈಗ ಕಂಪನಿಗಳಲ್ಲಿ 'ಎಷ್ಟು ರಿಸೋರ್ಸ್' ಎಂದು ಎಣಿಸುತ್ತಾರೆ. ನೀವೂ ಪತ್ರದ ಮೂರನೇ ಪುಟದಲ್ಲಿ ಒಂದು ಕಡೆ 'ಇಬ್ಬರು ರಿಸೋರ್ಸ್ ಕೇಳಿದ್ದೇನೆ' ಎಂದು ಬರೆದಿದ್ದೀರಿ. ಅದನ್ನು ಬಿಡಿ. ಅವರಿಗೆ ಹೆಸರಿದೆ.

ಕಳೆದ ಮಳೆಗಾಲದಲ್ಲಿ ಭಾಗಮಂಡಲದ ಕಡೆ ಹೋಗಿದ್ದೆ. ಮೂರು ದಿನದಿಂದ ಕರೆಂಟ್ ಇರಲಿಲ್ಲ. ರಸ್ತೆ ಬದಿಯ ಬಸ್ ತಂಗುದಾಣದಲ್ಲಿ ಒಬ್ಬ ಹುಡುಗಿ ರೈನ್‌ಕೋಟ್ ಹಾಕಿಕೊಂಡೇ ಲ್ಯಾಪ್‌ಟಾಪ್ ಬಿಚ್ಚಿ ಕೂತಿದ್ದಳು. ಸಿಗ್ನಲ್ ಅಲ್ಲಿ ಮಾತ್ರ ಸಿಗುತ್ತದಂತೆ. ಬ್ಯಾಟರಿ ಮುಗಿದರೆ ಪಕ್ಕದ ಅಂಗಡಿಯ ಜನರೇಟರಿನಲ್ಲಿ ಚಾರ್ಜ್. ಅಷ್ಟಾದರೂ ಆ ತಿಂಗಳು ಅವಳ ವರದಿಯಲ್ಲಿ 'ಕೆಲಸದಲ್ಲಿ ಆಸಕ್ತಿ ಸಾಲದು' ಎಂದು ಬಂದಿತ್ತು. ಮೀಟಿಂಗಿನಲ್ಲಿ ಕ್ಯಾಮೆರಾ ಹಾಕುವುದಿಲ್ಲ ಅನ್ನುವುದು ಕಾರಣ. ಅವಳ ಮ್ಯಾನೇಜರ್ ಒಂದು ಸಲ ಫೋನ್ ಮಾಡಿ, ಎಲ್ಲಿ ಕೂತಿದ್ದೀಯಮ್ಮ ಎಂದು ಕೇಳಿದ್ದರೆ ಸಾಕಿತ್ತು. ನಮ್ಮ ಮಕ್ಕಳು ಹೀಗೆ ಮಳೆಯಲ್ಲಿ ನೆನೆದು ದುಡಿಯುತ್ತಾರೆ. ಎಲ್ಲೋ ಎಸಿ ಕೋಣೆಯಲ್ಲಿ ಕೂತವರು ಅವರಿಗೆ ಆಸಕ್ತಿ ಇಲ್ಲ ಎಂದು ಬರೆಯುತ್ತಾರೆ. ಆಮೇಲೆ ಕೊಡಗಿನ ಯುವಕರು ಊರಲ್ಲಿ ನಿಲ್ಲುವುದಿಲ್ಲ ಎಂದು ನಾವೇ ಸಭೆ ಮಾಡಿ ಕೊರಗುತ್ತೇವೆ. ನನಗೆ ಸಿಟ್ಟು ಬರುತ್ತದೆ.

ನಿಮ್ಮ ಕಡೆಯ ಪ್ರಶ್ನೆ, ಈ ತಿಂಗಳ 'ಸ್ಟಾರ್' ಯಾರಿಗೆ ಕೊಡಲಿ ಅಂತ. ಯಾರಿಗೂ ಕೊಡಬೇಡಿ. ಚೆನ್ನಾಗಿ ಕೆಲಸ ಮಾಡಿದವರ ಪಕ್ಕ ಹೋಗಿ ಕೂತು, ಯಾವ ಕೆಲಸ ಯಾಕೆ ಚೆನ್ನಾಗಿತ್ತು ಅಂತ ಹೇಳಿ, ಸಾಕು. ಆಮೇಲೆ ಉಳಿದ ಎಂಟು ಜನರನ್ನೂ ಒಬ್ಬೊಬ್ಬರಾಗಿ ಕೇಳಿ, ನಿಮ್ಮ ದಿನದಲ್ಲಿ ಸುಮ್ನೆ ಹತ್ತಬೇಕಾದ ಏರು ಯಾವುದು ಎಂದು. ಅವರು ಹೇಳಿದ್ದರಲ್ಲಿ ಒಂದನ್ನಾದರೂ ಅದೇ ವಾರ ಸರಿ ಮಾಡಿಸಿ. ಮೇಲಿನವರು ಒಪ್ಪದಿದ್ದರೆ ಮೂರು ದಿನ ಹಿಂದೆ ಬೀಳಿ. ಬಿಟ್ಟು ಹೋದ ಮೂವರಲ್ಲಿ ಒಬ್ಬರ ನಂಬರಾದರೂ ನಿಮ್ಮ ಹತ್ತಿರ ಇರಬಹುದು. ವಾಪಸ್ ಕರೆಯುವುದಕ್ಕಲ್ಲ, ಯಾಕೆ ಹೋದಿರಿ ಎಂದು ಕೇಳುವುದಕ್ಕೆ ಫೋನ್ ಮಾಡಿ. ಅವರು ಏನು ಹೇಳಿದರು ಅನ್ನುವುದನ್ನು ನನಗೆ ಬರೆಯಿರಿ. ಈ ಸಲ ನಾಲ್ಕು ಪುಟವೂ ಅವರ ಮಾತೇ ಇರಲಿ.

– ಸಂಪಾದಕ