ರೀಸೆಂಟ್ಸ್‌ನಿಂದ ಆ್ಯಪ್‌ಗಳನ್ನೆಲ್ಲ ತೆಗೆದರೂ ಬ್ಯಾಟರಿ ಯಾಕೆ ಬೇಗ ಇಳಿಯುತ್ತದೆ?

ನೀವು ಹೇಳಿಕೊಂಡಿರುವ ತೊಂದರೆ ಎರಡು. ಗಂಟೆಗೊಮ್ಮೆ ರೀಸೆಂಟ್ಸ್ (ಇತ್ತೀಚಿನ ಆ್ಯಪ್‌ಗಳ ಪರದೆ) ತೆರೆದು ಆ್ಯಪ್‌ಗಳನ್ನೆಲ್ಲ ಸ್ವೈಪ್ ಮಾಡಿ ತೆಗೆದರೂ ಆಂಡ್ರಾಯ್ಡ್ ಫೋನಿನ ಚಾರ್ಜ್ ಸಂಜೆತನಕ ಬರುವುದಿಲ್ಲ. ಮೆಸೇಜ್‌ಗಳು ಸಮಯಕ್ಕೆ ಬಾರದೆ, ಆ್ಯಪ್ ತೆರೆದಾಗ ಒಟ್ಟಿಗೆ ಬಂದು ಬೀಳುತ್ತವೆ. ಎರಡಕ್ಕೂ ಆ ಸ್ವೈಪ್ ಅಭ್ಯಾಸದ ನಂಟಿದೆ, ಹಾಗಾಗಿ ಮೊದಲು ಅದನ್ನು ನಿಲ್ಲಿಸಿ ಎನ್ನುತ್ತೇನೆ.

ರೀಸೆಂಟ್ಸ್‌ನಲ್ಲಿ ಕಾರ್ಡ್‌ಗಳಾಗಿ ಕಾಣುವುದು ನೀವು ಇತ್ತೀಚೆಗೆ ತೆರೆದ ಆ್ಯಪ್‌ಗಳು. ಅವೆಲ್ಲ ಈಗ ಓಡುತ್ತಿವೆ ಎಂದಲ್ಲ. ಹಲವು ಫೋನ್‌ಗಳಲ್ಲಿ ರೀಸ್ಟಾರ್ಟ್ ಮಾಡಿದ ಮೇಲೂ ಆ ಕಾರ್ಡ್‌ಗಳು ಹಾಗೇ ಇರುತ್ತವೆ, ಆಗ ಅವುಗಳಲ್ಲಿ ಹೆಚ್ಚಿನವು ಮೆಮೊರಿಯಲ್ಲೇ ಇರುವುದಿಲ್ಲ. ಕಾರ್ಡ್ ತೆಗೆದ ಆ್ಯಪ್ ಒಳಗೊಳಗೇ ಸರ್ವಿಸ್ (ಪರದೆಯಿಲ್ಲದೆ ನಡೆಯುವ ಕೆಲಸ) ಓಡಿಸುತ್ತಿರುವುದೂ ಉಂಟು. ಮೆಮೊರಿಯಲ್ಲಿ ಸುಮ್ಮನೆ ಕುಳಿತ ಆ್ಯಪ್‌ನಿಂದ ಬ್ಯಾಟರಿಗೆ ಹೇಳಿಕೊಳ್ಳುವಂಥ ಹೊರೆ ಇಲ್ಲ: ರ್‍ಯಾಮ್ ತುಂಬಿದ್ದರೂ ಖಾಲಿಯಿದ್ದರೂ ಎಳೆಯುವ ಕರೆಂಟ್ ಹೆಚ್ಚುಕಡಿಮೆ ಅಷ್ಟೇ. ಆಂಡ್ರಾಯ್ಡ್ 14ರಲ್ಲಂತೂ ಹೀಗೆ ಕ್ಯಾಶ್ ಆದ (ಮೆಮೊರಿಯಲ್ಲಿ ಸುಮ್ಮನೆ ಉಳಿದ) ಆ್ಯಪ್‌ಗೆ ಸ್ವಲ್ಪ ಹೊತ್ತಿನಲ್ಲೇ ಸಿಪಿಯು ಸಿಗದಂತೆ ಫ್ರೀಜ್ ಮಾಡಲಾಗುತ್ತದೆ. ಜಾಗ ಸಾಲದಾದಾಗ ಯಾವುದನ್ನು ಹೊರಹಾಕಬೇಕೆಂದು ಸಿಸ್ಟಮ್ಮೇ ನೋಡಿಕೊಳ್ಳುತ್ತದೆ. ನೀವು ಕೈಯಾರೆ ತೆಗೆದರೆ ಮುಂದಿನ ಸಲ ಆ ಆ್ಯಪ್ ಸೊನ್ನೆಯಿಂದ ಲೋಡ್ ಆಗಬೇಕು. ಉರಿಯುವ ಒಲೆಯನ್ನು ಗಳಿಗೆಗೊಮ್ಮೆ ಆರಿಸಿ ಮತ್ತೆ ಹೊತ್ತಿಸಿದಂತೆ, ಖರ್ಚು ಹೆಚ್ಚುತ್ತದೆಯೇ ಹೊರತು ಉಳಿಯುವುದಿಲ್ಲ.

ಮೆಸೇಜ್ ತಡವಾಗುವುದಕ್ಕೂ ಮೂಲ ಇಲ್ಲೇ. ಹೆಚ್ಚಿನ ಆ್ಯಪ್‌ಗಳ ನೋಟಿಫಿಕೇಶನ್ ಗೂಗಲ್ ಪ್ಲೇ ಸರ್ವಿಸಸ್ ಇಟ್ಟುಕೊಂಡಿರುವ ಒಂದೇ ಸಂಪರ್ಕದ ಮೂಲಕ ಬರುತ್ತದೆ, ಅದಕ್ಕಾಗಿ ಮೆಸೇಜಿಂಗ್ ಆ್ಯಪ್ ಸದಾ ಎಚ್ಚರವಿರಬೇಕಿಲ್ಲ. ಆದರೆ ಫೋರ್ಸ್ ಸ್ಟಾಪ್ ಮಾಡಿದ (ಸೆಟ್ಟಿಂಗ್ಸ್‌ನಿಂದ ಪೂರ್ತಿ ನಿಲ್ಲಿಸಿದ) ಆ್ಯಪ್‌ಗೆ, ನೀವೇ ಮತ್ತೆ ತೆರೆಯುವವರೆಗೆ, ಆ ಸಂದೇಶ ತಲುಪುವುದಿಲ್ಲ. ಅದು ಇಟ್ಟುಕೊಂಡಿದ್ದ ಅಲಾರಂಗಳೂ ರದ್ದಾಗುತ್ತವೆ. ಕೆಲವು ಕಂಪನಿಗಳ ಫೋನ್‌ಗಳಲ್ಲಿ ಸ್ವೈಪ್ ಮಾಡುವುದೂ ಹೆಚ್ಚುಕಡಿಮೆ ಫೋರ್ಸ್ ಸ್ಟಾಪ್‌ನಂತೆಯೇ ಕೆಲಸ ಮಾಡುತ್ತದೆ. ನಿಮ್ಮ ಲಕ್ಷಣ ಅದಕ್ಕೆ ಸರಿಯಾಗಿ ಹೊಂದುತ್ತದೆ.

ಈಗ ನಿಜವಾಗಿ ಬ್ಯಾಟರಿ ತಿನ್ನುತ್ತಿರುವುದು ಯಾವುದೆಂದು ಹುಡುಕೋಣ. ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ, ಅದರೊಳಗೆ ಬ್ಯಾಟರಿ ಯೂಸೇಜ್ ತೆರೆಯಿರಿ. ಶೇಕಡಾವಾರು ಅಂಕಿಯನ್ನಷ್ಟೇ ನೋಡಬೇಡಿ, ಆ್ಯಪ್ ಹೆಸರು ಒತ್ತಿದರೆ ಪರದೆಯ ಮೇಲಿದ್ದ ಸಮಯ, ಹಿನ್ನೆಲೆಯ ಸಮಯ ಎರಡೂ ಬೇರೆಬೇರೆ ಸಿಗುತ್ತವೆ. ಹಾಡು ಕೇಳುವ ಆ್ಯಪ್ 3 ಗಂಟೆ ಹಿನ್ನೆಲೆಯಲ್ಲಿದ್ದರೆ ಅದು ಸಹಜ. 5 ನಿಮಿಷ ತೆರೆದ ಶಾಪಿಂಗ್ ಆ್ಯಪ್ 3 ಗಂಟೆ ಹಿನ್ನೆಲೆಯಲ್ಲಿ ಓಡಿದ್ದರೆ ನೀವು ಹುಡುಕುತ್ತಿರುವುದು ಅದನ್ನೇ. ಸಾಮಾನ್ಯವಾಗಿ ಇಂಥವು ಒಂದೋ ಎರಡೋ ಇರುತ್ತವೆ. ಆಂಡ್ರಾಯ್ಡ್ 13ರಿಂದ ಈಚೆಗೆ ಇನ್ನೊಂದು ದಾರಿಯೂ ಇದೆ: ನೋಟಿಫಿಕೇಶನ್ ಪರದೆಯನ್ನು ಪೂರ್ತಿ ಎಳೆದರೆ, ಆಗ ಸಕ್ರಿಯವಾಗಿರುವ ಆ್ಯಪ್‌ಗಳ ಸಂಖ್ಯೆ ಕಾಣುತ್ತದೆ. ಅದನ್ನು ಒತ್ತಿ ಅಲ್ಲಿಂದಲೇ ಸ್ಟಾಪ್ ಕೊಡಬಹುದು.

ಸಿಕ್ಕಿದ ಆ್ಯಪ್‌ನ ಮಾಹಿತಿ ಪುಟದಲ್ಲಿ ಬ್ಯಾಟರಿ ಆಯ್ಕೆಗೆ ಹೋಗಿ. ಆಂಡ್ರಾಯ್ಡ್ 12ರಿಂದ ಅಲ್ಲಿ ಅನ್‌ರಿಸ್ಟ್ರಿಕ್ಟೆಡ್, ಆಪ್ಟಿಮೈಸ್ಡ್, ರಿಸ್ಟ್ರಿಕ್ಟೆಡ್ ಎಂಬ ಮೂರು ಹಂತಗಳಿವೆ (ಹೊಸ ಆವೃತ್ತಿಗಳಲ್ಲಿ ಜೋಡಣೆ ಸ್ವಲ್ಪ ಬೇರೆ). ತಪ್ಪಿತಸ್ಥ ಆ್ಯಪ್‌ಗೆ ರಿಸ್ಟ್ರಿಕ್ಟೆಡ್ ಕೊಡಿ. ಅದು ಹಿನ್ನೆಲೆಯಲ್ಲಿ ಸಿಂಕ್ ಮಾಡುವುದು ನಿಲ್ಲುತ್ತದೆ, ನೋಟಿಫಿಕೇಶನ್ ತಡವಾಗಬಹುದು. ಮೆಸೇಜಿಂಗ್, ಮಾತ್ರೆ ನೆನಪಿಸುವ ಆ್ಯಪ್, ಕೈಗಡಿಯಾರಕ್ಕೆ ಜೋಡಿಯಾದ ಆ್ಯಪ್, ಗ್ಲುಕೋಸ್ ಸೆನ್ಸರ್‌ನ ಆ್ಯಪ್ ಇವನ್ನು ಎಂದೂ ರಿಸ್ಟ್ರಿಕ್ಟೆಡ್‌ಗೆ ಹಾಕಬೇಡಿ. ಇವು ತಡಮಾಡುತ್ತಿದ್ದರೆ ಅನ್‌ರಿಸ್ಟ್ರಿಕ್ಟೆಡ್ ಕೊಡಿ. ಉಳಿದ ಎಲ್ಲವೂ ಆಪ್ಟಿಮೈಸ್ಡ್‌ನಲ್ಲೇ ಇರಲಿ. ಎಲ್ಲಕ್ಕೂ ನಿರ್ಬಂಧ ಹಾಕುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ.

ಇದೇ ಪುಟದಲ್ಲಿ ಲೊಕೇಶನ್ ಅನುಮತಿಯನ್ನೂ ನೋಡಿಬಿಡಿ. ಸದಾಕಾಲ ಎಂದಿದ್ದರೆ, ಆ್ಯಪ್ ಬಳಸುವಾಗ ಮಾತ್ರ ಎಂದು ಬದಲಿಸಿ. ನನ್ನ ಲೆಕ್ಕದಲ್ಲಿ ಹತ್ತು ಆ್ಯಪ್ ಸ್ವೈಪ್ ಮಾಡುವುದಕ್ಕಿಂತ ಈ ಒಂದು ಬದಲಾವಣೆ ಮೇಲು. ಮೊಬೈಲ್ ಡೇಟಾ ವಿಭಾಗದಲ್ಲಿ ಬ್ಯಾಕ್‌ಗ್ರೌಂಡ್ ಡೇಟಾ ನಿಲ್ಲಿಸಿದರೆ ವೈಫೈ ಇಲ್ಲದಾಗ ಆ ಆ್ಯಪ್ ಹಿನ್ನೆಲೆಯಲ್ಲಿ ಇಂಟರ್ನೆಟ್ ಮುಟ್ಟುವುದಿಲ್ಲ.

ಸ್ಯಾಮ್‌ಸಂಗ್‌ನಲ್ಲಿ ಇವುಗಳ ಜೊತೆ ಸ್ಲೀಪಿಂಗ್, ಡೀಪ್ ಸ್ಲೀಪಿಂಗ್, ನೆವರ್ ಸ್ಲೀಪಿಂಗ್ ಎಂಬ ಪಟ್ಟಿಗಳಿವೆ. ಬಹಳ ದಿನ ತೆರೆಯದ ಆ್ಯಪ್ ತಾನಾಗಿ ನಿದ್ರೆಯ ಪಟ್ಟಿಗೆ ಸೇರಬಹುದು, ಮುಖ್ಯವಾದವನ್ನು ನೆವರ್ ಸ್ಲೀಪಿಂಗ್‌ಗೆ ಸೇರಿಸಿ. ಶವೋಮಿಯಲ್ಲಿ ಬ್ಯಾಟರಿ ನಿರ್ಬಂಧ ತೆಗೆದರಷ್ಟೇ ಸಾಲದು, ಆಟೋಸ್ಟಾರ್ಟ್ (ಆ್ಯಪ್ ತಾನಾಗಿ ಶುರುವಾಗುವ ಅನುಮತಿ) ಕೂಡ ಆನ್ ಇರಬೇಕು. ಒಂದನ್ನು ಮಾಡಿ ಇನ್ನೊಂದನ್ನು ಮರೆಯುವವರೇ ಹೆಚ್ಚು.

ರ್‍ಯಾಮ್ ಬೂಸ್ಟರ್, ಕ್ಲೀನರ್ ಹೆಸರಿನ ಆ್ಯಪ್‌ಗಳಿದ್ದರೆ ಅನ್‌ಇನ್‌ಸ್ಟಾಲ್ ಮಾಡಿ. ಅವೂ ಹಿನ್ನೆಲೆಯಲ್ಲಿ ಓಡುತ್ತವೆ. ಆಂಡ್ರಾಯ್ಡ್ 14ರಿಂದ ಸಾಮಾನ್ಯ ಆ್ಯಪ್‌ವೊಂದಕ್ಕೆ ಬೇರೆ ಆ್ಯಪ್‌ಗಳ ಹಿನ್ನೆಲೆ ಪ್ರಕ್ರಿಯೆಯನ್ನು ಕೊಲ್ಲುವ ಅಧಿಕಾರವೂ ಇಲ್ಲ, ತನ್ನದನ್ನು ಮಾತ್ರ ನಿಲ್ಲಿಸಬಹುದು. ಆ್ಯಪ್ ತಯಾರಕರಿಗೆಂದು ಇರುವ ಡೆವಲಪರ್ ಆಪ್ಷನ್ಸ್ ಮೆನುವಿನ ಬ್ಯಾಕ್‌ಗ್ರೌಂಡ್ ಪ್ರೋಸೆಸ್ ಲಿಮಿಟ್ ಕೂಡ ಪರೀಕ್ಷೆಗೆಂದು ಇರುವುದು. ಅದು ರೀಸ್ಟಾರ್ಟ್ ಆದೊಡನೆ ಹಳೇ ಸ್ಥಿತಿಗೆ ಬರುತ್ತದೆ.

ಬದಲಾವಣೆ ಫಲಿಸಿತೇ ಎಂದು ತಿಳಿಯಲು ರಾತ್ರಿ ಅಳತೆ ಮಾಡಿ. ಮಲಗುವಾಗ ಚಾರ್ಜ್ ಎಷ್ಟಿದೆ ಬರೆದಿಟ್ಟು, ಚಾರ್ಜರ್ ಹಾಕದೆ ಬಿಡಿ. ಫೋನ್ ಅಲುಗದೆ, ಪರದೆ ಆರಿ ಇದ್ದಾಗ 2015ರ ಆಂಡ್ರಾಯ್ಡ್ 6ರಿಂದ ಇರುವ ಡೋಜ್ ಎಂಬ ವ್ಯವಸ್ಥೆ ಹೆಚ್ಚಿನ ಆ್ಯಪ್‌ಗಳ ಹಿನ್ನೆಲೆ ಕೆಲಸವನ್ನು ತಡೆದು, ನಡುನಡುವೆ ಮಾತ್ರ ಅವಕಾಶ ಕೊಡುತ್ತದೆ. ಹಾಗಾಗಿ 8 ಗಂಟೆಯಲ್ಲಿ ನಾಲ್ಕೈದು ಶೇಕಡಾ ಇಳಿದರೆ ಚಿಂತೆಯಿಲ್ಲ. 15 ದಾಟಿದರೆ ಏನೋ ಎಚ್ಚರವಿದೆ. ಹೊಸ ಫೋನ್ ಕೊಂಡ ಅಥವಾ ದೊಡ್ಡ ಅಪ್‌ಡೇಟ್ ಆದ ಮೊದಲ ಒಂದೆರಡು ದಿನ ಈ ಅಳತೆ ಬೇಡ, ಆಗ ಸಿಂಕ್ ಕೆಲಸ ಹೆಚ್ಚಿರುತ್ತದೆ.

ಅಷ್ಟಾದರೂ ಕಾರಣ ಸಿಗದಿದ್ದರೆ ಒಂದು ರಾತ್ರಿ ಸೇಫ್ ಮೋಡ್‌ನಲ್ಲಿಡಿ. ಹೆಚ್ಚಿನ ಫೋನ್‌ಗಳಲ್ಲಿ ಪವರ್ ಮೆನುವಿನ ಪವರ್ ಆಫ್ ಅನ್ನು ಒತ್ತಿ ಹಿಡಿದರೆ ಆ ಆಯ್ಕೆ ಬರುತ್ತದೆ. ನೀವು ಹಾಕಿಕೊಂಡ ಆ್ಯಪ್‌ಗಳು ಅಲ್ಲಿ ಓಡುವುದಿಲ್ಲ. ಅಂದರೆ ಬೆಳಗಿನ ಅಲಾರಂ ಆ್ಯಪ್ ಕೂಡ ಹೊರಗಿನದಾದರೆ ಹೊಡೆಯುವುದಿಲ್ಲ, ಬೇರೆ ವ್ಯವಸ್ಥೆ ಮಾಡಿಕೊಳ್ಳಿ. ಇಳಿಕೆ ನಿಂತರೆ ತಪ್ಪು ನೀವು ಹಾಕಿದ ಆ್ಯಪ್‌ನದು, ಇತ್ತೀಚೆಗೆ ಹಾಕಿದ್ದರಿಂದ ಒಂದೊಂದಾಗಿ ತೆಗೆಯುತ್ತ ಬನ್ನಿ. ಇಳಿಕೆ ಹಾಗೇ ಇದ್ದರೆ ಮಲಗುವ ಕೋಣೆಯ ಸಿಗ್ನಲ್ ನೋಡಿ: ಸಿಗ್ನಲ್ ದುರ್ಬಲವಿದ್ದಲ್ಲಿ ಮೋಡೆಮ್ (ನೆಟ್‌ವರ್ಕ್ ಹಿಡಿಯುವ ಭಾಗ) ಹೆಚ್ಚು ಶಕ್ತಿ ಸುರಿಯುತ್ತದೆ. ಅದೂ ಚೆನ್ನಾಗಿದ್ದರೆ ಬ್ಯಾಟರಿಯೇ ಹಳತಾಗಿರಬಹುದು, ಸರ್ವಿಸ್ ಕೇಂದ್ರದಲ್ಲಿ ಅದರ ಸಾಮರ್ಥ್ಯ ಅಳೆಸಿ.